ಥರ್ಮೋಸ್ಟಾಟ್ ಬದಲಿಸಲು ಎಷ್ಟು ಖರ್ಚು?

ಕಾರಿನ ಥರ್ಮೋಸ್ಟಾಟ್ ವಾಲ್ವ್ ಅಂಗಡಿಯಲ್ಲಿ 600 ರೂಪಾಯಿ, ಗ್ಯಾರೇಜಿನ ಬಿಲ್ ಮಾತ್ರ 3,000. ಉಳಿದ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುವವರು ಬಹಳ. ಬಹುಪಾಲು ಕೂಲಂಟ್‌ಗೆ ಮತ್ತು ಕೂಲಿಗೆ ಹೋಗಿದೆ, ಅದರಲ್ಲಿ ಮೋಸವೇನಿಲ್ಲ. ದುಡ್ಡು ನಿಜಕ್ಕೂ ಪೋಲಾಗುವ ಜಾಗ ಬೇರೆಯೇ ಇದೆ.

ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಕೂತಿರುವ ಈ ಕವಾಟದೊಳಗಿನ ಮೇಣ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹಿಗ್ಗುತ್ತದೆ, ಬಾಯಿ ತೆರೆಯುತ್ತದೆ. ಮುಚ್ಚಿದಂತೆಯೇ ಕಚ್ಚಿಕೊಂಡರೆ ಇಂಜಿನ್ ಕುದಿಯುತ್ತದೆ. ತೆರೆದೇ ನಿಂತರೆ ಟೆಂಪರೇಚರ್ ಮುಳ್ಳು ಮೇಲೇಳುವುದಿಲ್ಲ, ಮೈಲೇಜ್ ಇಳಿಯುತ್ತದೆ.

ಮೊದಲು ರೋಗ ಖಚಿತವಾಗಲಿ. ಕೂಲಂಟ್ ಸೋರಿದ್ದರೂ, ಫ್ಯಾನ್ ತಿರುಗದಿದ್ದರೂ, ವಾಟರ್ ಪಂಪ್ ಕೆಟ್ಟಿದ್ದರೂ ಕಾರು ಬಿಸಿಯಾಗುತ್ತದೆ. ಬಿಚ್ಚಿದ ವಾಲ್ವನ್ನು ದಾರಕ್ಕೆ ಕಟ್ಟಿ, ಒಲೆಯ ಮೇಲಿನ ನೀರಿನ ಪಾತ್ರೆಯಲ್ಲಿ ಇಳಿಬಿಡಲು ಹೇಳಿ. ನೀರು ಕುದಿ ಬಂದರೂ ಬಾಯಿ ಬಿಡದಿದ್ದರೆ, ಇಲ್ಲವೇ ತಣ್ಣೀರಲ್ಲೇ ತೆರೆದುಕೊಂಡಿದ್ದರೆ ಬದಲಿಸಿ.

ಇನ್ನು ಲೆಕ್ಕ. ಸಣ್ಣ ಪೆಟ್ರೋಲ್ ಕಾರುಗಳಿಗೆ ವಾಲ್ವ್ ಮಾತ್ರವಾದರೆ ಸುಮಾರು 300ರಿಂದ 1,000 ರೂಪಾಯಿ. ಹೊಸ ಮಾದರಿಗಳಲ್ಲಿ ಅನೇಕಕ್ಕೆ ಪ್ಲಾಸ್ಟಿಕ್ ಹೌಸಿಂಗ್ ಸಮೇತವೇ ಕೊಳ್ಳಬೇಕು, ಆಗ ಸಾವಿರದಿಂದ ಮೂರು ಸಾವಿರ. ಜರ್ಮನ್ ಕಾರಿನವರಿಗೆ ಈ ಲೆಕ್ಕ ಅನ್ವಯಿಸದು. ಕೂಲಂಟ್ ನಾಲ್ಕೈದು ಲೀಟರ್ ಹಿಡಿಯುತ್ತದೆ, ಲೀಟರ್‌ಗೆ 250ರಿಂದ 400. ಕೂಲಿ ಬೀದಿ ಗ್ಯಾರೇಜಿನಲ್ಲಿ ಐನೂರರ ಆಸುಪಾಸು, ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಅದರ ಎರಡು ಮೂರು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18. ಬಿಲ್ಲಿನಲ್ಲಿ 28 ಕಂಡರೆ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೀವೇ ಕೊಳ್ಳುವುದಾದರೆ ಹಳೆಯದನ್ನು ಒಯ್ಯಿರಿ, ಮೈಮೇಲೆ ಒತ್ತಿರುವ ಡಿಗ್ರಿ ಸಂಖ್ಯೆ ತಾಳೆಯಾಗಲಿ.

ಪೋಲಿನ ವಿಷಯಕ್ಕೆ ಬರೋಣ. "ಆ ವಾಲ್ವೇ ಬೇಡ ಸಾರ್, ತೆಗೆದು ಬಿಸಾಕಿದೀನಿ. ಅದೆಲ್ಲ ಫಾರಿನ್ ಚಳಿಗೆ" ಎನ್ನುವ ಮೆಕ್ಯಾನಿಕ್ ಊರಿಗೊಬ್ಬರಾದರೂ ಸಿಗುತ್ತಾರೆ. ಖರ್ಚು ಉಳಿಯಿತೆಂದು ಮಾಲೀಕರಿಗೂ ಖುಷಿ. ಆದರೆ ಇಂಜಿನ್ ತನ್ನ ಹದದ ಬಿಸಿಗೆ ಬರುವುದೇ ಇಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದರಲ್ಲಿ ಒಂದಿಷ್ಟು ಇಂಜಿನ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ, ಸವೆತ ಹೆಚ್ಚುತ್ತದೆ. ಇನ್ನೊಂದು ವಿಚಿತ್ರವಿದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲವೆಂದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ಮುಟ್ಟದೆಯೇ ಇಂಜಿನ್‌ಗೆ ಮರಳುತ್ತದೆ. ಊರಲ್ಲಿ ತಣ್ಣಗಿದ್ದ ಕಾರು ಶಿರಾಡಿ ಘಾಟಿಯ ಏರಿನಲ್ಲಿ ಹೊಗೆಯಾಡಬಹುದು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ಖರ್ಚು ಹತ್ತಾರು ಸಾವಿರ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ವಾಲ್ವ್ ಒಳಗಿದೆಯೇ ಎಂದು ಕೇಳಲೇಬೇಕು. ಹತ್ತು ನಿಮಿಷ ಓಡಿಸಿದರೂ ಮುಳ್ಳು ತಳ ಬಿಡದಿದ್ದರೆ ನನಗಂತೂ ಅನುಮಾನ.

ಸ್ವತಃ ಬದಲಿಸುವವರಿಗೆ: ಇಂಜಿನ್ ಪೂರ್ತಿ ತಣಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ಕೂಲಂಟ್ ಇಳಿಸಿ, ಹೌಸಿಂಗ್ ಬಿಚ್ಚಿ. ಹಳೆಯ ಗ್ಯಾಸ್ಕೆಟ್‌ನ ಚೂರೂ ಉಳಿಯದಂತೆ ಕೆರೆದು ಹೊಸದನ್ನೇ ಹಾಕಿ. ಸ್ಪ್ರಿಂಗ್ ಬದಿ ಇಂಜಿನ್ ಕಡೆಗೆ, ಗಾಳಿ ಹೋಗುವ ಸಣ್ಣ ತೂತು ಮೇಲಕ್ಕೆ. ಬೋಲ್ಟ್‌ಗಳನ್ನು ಮೈಯೆಲ್ಲ ಬಲ ಹಾಕಿ ಬಿಗಿಯಬೇಡಿ, ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ.

ತುಂಬುವಾಗ ಬೋರ್‌ವೆಲ್ ನೀರು ಬೇಡ, ಒಳಗೆಲ್ಲ ಸುಣ್ಣ ಕಟ್ಟುತ್ತದೆ. ರೆಡಿ ಮಿಕ್ಸ್ ಕೂಲಂಟನ್ನು ಹಾಗೇ ಸುರಿಯಿರಿ, ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಹೀಟರ್ ಪೂರ್ತಿ ಹಾಕಿ, ಫ್ಯಾನ್ ತಾನಾಗಿ ತಿರುಗುವವರೆಗೆ ಇಂಜಿನ್ ಓಡಿಸಿ ಗಾಳಿ ಹೊರಹಾಕಿ. ಮರುದಿನ ಬೆಳಿಗ್ಗೆ ಮಟ್ಟ ನೋಡಿ ಮತ್ತೆ ತುಂಬಿ. ಹಳೆಯ ಕೂಲಂಟ್ ಸಿಹಿ ವಿಷ, ನಾಯಿ ಬೆಕ್ಕು ನೆಕ್ಕುವಲ್ಲಿ ಚೆಲ್ಲದೆ ಕ್ಯಾನ್‌ನಲ್ಲಿ ಗ್ಯಾರೇಜಿಗೆ ಕೊಡಿ.