ತವರಿನಲ್ಲಿ ಹಾಕಿಸಿದ ಲಸಿಕೆ ಐರೋಲಿಯಲ್ಲಿ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ಬಾಣಂತನ ವಿಜಯಪುರದ ತವರಿನಲ್ಲಾಯಿತು. ಹುಟ್ಟಿದಾಗಿನ ಮತ್ತು ಒಂದೂವರೆ ತಿಂಗಳ ಲಸಿಕೆ ಅಲ್ಲೇ ಹಾಕಿಸಿದೆವು. ಐರೋಲಿಗೆ ಮರಳಿದ ಮೇಲೆ ಇಲ್ಲಿನ ಆರೋಗ್ಯ ಕೇಂದ್ರದವರು ಮೊಬೈಲ್ ನಂಬರ್ ಕೇಳಿ ‘ಯು-ವಿನ್’ನಲ್ಲಿ ಹುಡುಕಿದರು. ತಾಯಿ ಕಾರ್ಡ್ ಕೈಯಲ್ಲಿರುವಾಗ ಇದೆಲ್ಲ ಏಕೆ ಬೇಕು?
– ಓದುಗರೊಬ್ಬರು, ಐರೋಲಿ, ನವಿ ಮುಂಬೈ

ಉತ್ತರ: ವಿಜಯಪುರದಲ್ಲಿ ಹಾಕಿಸಿದ್ದು ಖಂಡಿತ ಲೆಕ್ಕಕ್ಕೆ ಬರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಆದರೆ ಕಾರ್ಡ್ ನಿಮ್ಮ ಕೈಯಲ್ಲಿದ್ದರೆ ಮಗುವಿನ ವಿಷಯ ನಿಮಗಷ್ಟೇ ಗೊತ್ತು. ನೀವು ಕೇಂದ್ರಕ್ಕೆ ಹೋಗದೆ ಉಳಿದರೆ ಅಲ್ಲಿಯವರಿಗೆ ತಿಳಿಯುವುದು ಹೇಗೆ?

ಹಳ್ಳಿಗಳಲ್ಲಿ ನರ್ಸಮ್ಮನವರು ಇದಕ್ಕೊಂದು ಚೆಂದದ ಉಪಾಯ ಇಟ್ಟುಕೊಂಡಿದ್ದರು. ಗೋಡೆಗೆ ನೇತುಹಾಕಿದ ಬಟ್ಟೆಯ ಚೀಲ, ತಿಂಗಳಿಗೊಂದು ಜೇಬು. ಕಾರ್ಡಿನ ಹರಿದಿಟ್ಟುಕೊಂಡ ಅರ್ಧವನ್ನು ಮುಂದಿನ ಲಸಿಕೆಯ ತಿಂಗಳ ಜೇಬಿಗೆ ಸೇರಿಸುವುದು. ತಿಂಗಳು ಮುಗಿದರೂ ಚೀಟಿ ಜೇಬಿನಲ್ಲೇ ಉಳಿದಿದ್ದರೆ ಆ ಮಗು ಬಂದಿಲ್ಲವೆಂದರ್ಥ, ಆಶಾ ಕಾರ್ಯಕರ್ತೆ ಮನೆಗೇ ಹೋಗಿ ಕರೆತರುತ್ತಿದ್ದರು. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಊರಿನಲ್ಲಿ ಇದು ನಡೆಯುತ್ತದೆ. ಬಾಡಿಗೆ ಮನೆ ಬದಲಿಸುತ್ತ ಐರೋಲಿಯಿಂದ ದಿಘಾಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ಹೋಗುವವರ ಮಗುವನ್ನು ಆ ಚೀಲ ಹಿಂಬಾಲಿಸಲಾರದು.

ಯು-ವಿನ್ ಬಂದದ್ದು ಈ ಕೊರತೆ ತುಂಬಲಿಕ್ಕೆ. ಕೋವಿಡ್ ಕಾಲದ ಕೋವಿನ್ ಮಾದರಿಯಲ್ಲೇ ಕಟ್ಟಿದ ಈ ಲಸಿಕೆ ದಾಖಲೆಯ ಪೋರ್ಟಲನ್ನು 2023ರ ಜನವರಿಯಲ್ಲಿ ಪ್ರತಿ ರಾಜ್ಯದ ಎರಡು ಜಿಲ್ಲೆಗಳಲ್ಲಿ ಪ್ರಯೋಗಿಸಿ, 2024ರ ಅಕ್ಟೋಬರ್ 29ರಂದು ಪ್ರಧಾನಿ ದೇಶಕ್ಕೆಲ್ಲ ಚಾಲನೆ ಕೊಟ್ಟರು. ವಿಜಯಪುರದಲ್ಲಿ ನಮೂದಾದ ಡೋಸ್ ಐರೋಲಿಯಲ್ಲಿ ಕಾಣುತ್ತದೆ, ಮುಂದಿನ ದಿನಾಂಕ ಎಸ್ಸೆಮ್ಮೆಸ್ಸಾಗಿ ಬರುತ್ತದೆ. ಬಾಕಿ ಉಳಿದ ಮಕ್ಕಳ ಪಟ್ಟಿ ಕೇಂದ್ರದವರ ಕೈಗೆ ಸಿಗುತ್ತದೆ. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಆ ಪಟ್ಟಿಯಲ್ಲಿ. 2022ರ ಕೊನೆಯಲ್ಲಿ ಥಾಣೆ ಖಾಡಿಯ ಆಚೆ ದಂಡೆಯ ಗೋವಂಡಿಯಲ್ಲಿ ದಡಾರ ಹಬ್ಬಿ ಎಳೆಯ ಮಕ್ಕಳು ಪ್ರಾಣ ಕಳೆದುಕೊಂಡರು. ಭಿವಂಡಿ, ಮಾಲೇಗಾಂವ್‌ಗಳಲ್ಲೂ ದಡಾರ ಕಾಣಿಸಿತು. ಕಾಯಿಲೆ ಬಿದ್ದವರಲ್ಲಿ ಲಸಿಕೆಯನ್ನೇ ಕಾಣದ ಮಕ್ಕಳು ಬಹಳ. ಅಂಥ ಮಕ್ಕಳು ಎಲ್ಲಿದ್ದಾರೆಂದು ರೋಗ ಬರುವ ಮೊದಲೇ ತಿಳಿಯಬೇಕು.

ಹಾಗೆಂದು ಪೋರ್ಟಲ್ ತಾನಾಗಿ ಏನನ್ನೂ ಮಾಡದು. ತವರಿನಲ್ಲಿ ಅಜ್ಜನ ನಂಬರ್, ಇಲ್ಲಿ ಅಪ್ಪನ ನಂಬರ್ ಕೊಟ್ಟರೆ ಒಂದೇ ಮಗುವಿಗೆ ಎರಡು ದಾಖಲೆಯಾಗಿ, ಎರಡೂ ಅರ್ಧಂಬರ್ಧ ಉಳಿಯುತ್ತವೆ. ಸಿಮ್ ಬದಲಾದರೆ ಸಂದೇಶ ಯಾರಿಗೋ ಹೋಗುತ್ತದೆ. ಆದ್ದರಿಂದ ವಿಜಯಪುರದಲ್ಲಿ ಕೊಟ್ಟ ನಂಬರನ್ನೇ ಇಲ್ಲೂ ಹೇಳಿ. ಬದಲಾಗಿದ್ದರೆ ಹಳೆಯದನ್ನು ಹೇಳಿ ಹುಡುಕಿಸಿ. ಖಾಸಗಿ ಕ್ಲಿನಿಕ್‌ನಲ್ಲಿ ಯಾವುದಾದರೂ ಲಸಿಕೆ ಹಾಕಿಸಿದ್ದರೆ ಅದರ ಚೀಟಿಯನ್ನೂ ತೋರಿಸಿ. ತಾಯಿ ಕಾರ್ಡನ್ನು ಮಾತ್ರ ಬಿಸಾಡಬೇಡಿ, ದಾಖಲೆ ಸಿಗದಿದ್ದರೆ ಅದೇ ಆಧಾರ. ಅದರ ಕನ್ನಡ ಇಲ್ಲಿಯ ನರ್ಸ್‌ಗೆ ಓದಲಾಗದಿದ್ದರೆ ನೀವೇ ಓದಿ ಹೇಳಿ.

ಎರಡೂವರೆ ತಿಂಗಳ ಮತ್ತು ಮೂರೂವರೆ ತಿಂಗಳ ಸುತ್ತು, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ನಿಮ್ಮ ಮಗುವಿಗೆ ಬಾಕಿ ಇವೆ. ತಡವಾಗಿದ್ದರೂ ಅಂಜದೆ ಹೋಗಿ. ನಿಮ್ಮ ಓಣಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳಿದ್ದರೆ, ಸರ್ಕಾರಿ ಲಸಿಕೆ ಊರು ಯಾವುದೇ ಇರಲಿ, ಪುಕ್ಕಟೆ ಸಿಗುತ್ತದೆ ಎಂದು ಆ ತಾಯಂದಿರಿಗೆ ಹೇಳಿ. ಸಾಧ್ಯವಾದರೆ ಮುಂದಿನ ಸಲ ನಿಮ್ಮ ಜೊತೆಗೇ ಕರೆದುಕೊಂಡು ಹೋಗಿ.