ಮಗನ ಪಿಲೋನೈಡಲ್ ಸೈನಸ್‌ಗೆ ಲೇಸರ್ ಸಾಕೇ?

ಪ್ರಶ್ನೆ: ಪಿಯುಸಿ ಓದುವ ನನ್ನ ಮಗನಿಗೆ ಬೆನ್ನಿನ ತುದಿಯಲ್ಲಿ, ಪೃಷ್ಠದ ಸೀಳಿನ ನಡುವೆ ಎರಡು ಸಲ ಕೀವು ಕಟ್ಟಿತ್ತು. ಪಿಲೋನೈಡಲ್ ಸೈನಸ್ ಅಂದರು. ಈಗ ಗಾಯ ಮಾಗಿದೆ. ಆಪರೇಷನ್ ಬೇಡ, ಲೇಸರ್ ಮಾಡಿಸಿ ಎನ್ನುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ಪುಲಿಕೇಶಿನಗರ

ಉತ್ತರ: ಮಾಡಿಸಬಹುದು, ಆದರೆ ಯಾವ ಲೇಸರ್ ಎಂದು ಮೊದಲು ಕೇಳಿಕೊಳ್ಳಿ. ಒಂದರಲ್ಲಿ ಅರಿವಳಿಕೆ ಕೊಟ್ಟು, ಚರ್ಮದಡಿಯ ಸುರಂಗದಿಂದ ಕೂದಲು ತೆಗೆದು, ತೆಳುವಾದ ಫೈಬರ್ ತೂರಿಸಿ ಒಳಗಿನಿಂದ ಸುಟ್ಟು ಮುಚ್ಚುತ್ತಾರೆ. ಇನ್ನೊಂದು, ಮೇಲಿನಿಂದಲೇ ಕೂದಲ ಬೇರನ್ನು ಸುಡುವುದು. ನಿಮ್ಮ ಮಗನಿಗೆ ಈಗ ಬೇಕಿರುವುದು ಎರಡನೆಯದು. ಈ ಕಾಯಿಲೆಯನ್ನು ಹುಟ್ಟಿನಿಂದ ಬಂದ ದೋಷವೆಂದು ನಂಬಿ ಹಿಂದೆ ಆಳವಾಗಿ ಕತ್ತರಿಸುತ್ತಿದ್ದರು. ಉದುರಿದ ಕೂದಲು ಹೊರಗಿನಿಂದ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ ಎಂದು 1946ರಲ್ಲಿ ಪೇಟಿ ಮತ್ತು ಸ್ಕಾರ್ಫ್ ಎಂಬ ವೈದ್ಯರು ವಾದಿಸಿದರು. ಕ್ಷೌರಿಕರ ಬೆರಳ ಸಂದಿಯಲ್ಲೂ ಇಂಥದೇ ಸೈನಸ್ ಆಗುವುದು ಇದಕ್ಕೆ ಬಲವಾದ ಸಾಕ್ಷಿ. ಹಾಗಿದ್ದರೆ ಕೂದಲನ್ನು ಬಿಟ್ಟು ಮಾಂಸವನ್ನಷ್ಟೇ ಕತ್ತರಿಸಿದರೆ ಕಾಯಿಲೆ ಮರಳುವುದು ಸಹಜವೇ. ಅಮೆರಿಕದ ಕೊಲಂಬಸ್ ನಗರದ ಮಕ್ಕಳ ಆಸ್ಪತ್ರೆಯೊಂದು 11ರಿಂದ 21 ವರ್ಷ ವಯಸ್ಸಿನ 302 ಮಂದಿಯ ಮೇಲೆ ಕೂದಲು ತೆಗೆಯುವ ಲೇಸರನ್ನು ಪರೀಕ್ಷಿಸಿತು. ಶುಚಿತ್ವ, ಶೇವಿಂಗ್‌ನಂಥ ಮಾಮೂಲು ಕ್ರಮಗಳಷ್ಟೇ ಇದ್ದವರಲ್ಲಿ ವರ್ಷದೊಳಗೆ ಶೇ 33.6 ಮಂದಿಗೆ ಕಾಯಿಲೆ ಮರುಕಳಿಸಿತು. ಜೊತೆಗೆ ಲೇಸರ್ ಪಡೆದವರಲ್ಲಿ ಶೇ 10.4 ಮಂದಿಗೆ ಮಾತ್ರ.

ಒಂದು ವರ್ಷದ ಲೆಕ್ಕ ಸಾಲದು ಎನ್ನಬಹುದು. ನಿಜ, ಲೇಸರ್ ಆದ ಮೇಲೂ ಕೂದಲು ಮತ್ತೆ ಬೆಳೆಯಬಹುದು, ಆಗ ಪುನಃ ಮಾಡಿಸಬೇಕಾಗುತ್ತದೆ. ಆದರೆ ಹದಿಹರೆಯದ ಹುಡುಗನಿಗೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್, ತರಗತಿಯಲ್ಲಿ ಕೂರಲಾಗದ ಸಂಕಟ, ಯಾರಿಗೂ ಹೇಳಿಕೊಳ್ಳಲಾಗದ ಮುಜುಗರ ಇವೆಲ್ಲ ಸಣ್ಣವಲ್ಲ. ಒಂದು ವರ್ಷ ಇವು ತಪ್ಪಿದರೂ ಅದು ದೊಡ್ಡ ಲಾಭವೇ. ನಮ್ಮ ಕಂದು ಚರ್ಮ ಸುಟ್ಟೀತು ಎಂಬ ಭಯಕ್ಕೂ ಆಧಾರವಿದೆ. ಅದಕ್ಕೇ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರನ್ನು ಚರ್ಮರೋಗ ತಜ್ಞರಿಂದಲೇ ಮಾಡಿಸಿ, ಬ್ಯೂಟಿ ಪಾರ್ಲರಿನಲ್ಲಿ ಬೇಡ. ನಮ್ಮ ದಪ್ಪ ಕಪ್ಪು ಕೂದಲಿಗೆ ಲೇಸರ್ ಚೆನ್ನಾಗಿ ನಾಟುತ್ತದೆ. ಹಲವು ಸಲ ಹೋಗಬೇಕು, ಖರ್ಚೂ ಇದೆ. ಕೈಲಾಗದಿದ್ದರೆ ಮನೆಯಲ್ಲೇ ತಪ್ಪದೆ ಕೂದಲು ತೆಗೆಸುತ್ತಿರಿ.

ಮುಂದೆ ಸುರಂಗ ಉಳಿದು ಸದಾ ಒಸರತೊಡಗಿದರೆ ಕೂದಲು ತೆಗೆಯುವ ಲೇಸರ್ ಒಂದೇ ಸಾಲದು. ಆಗ ರಂಧ್ರಗಳನ್ನಷ್ಟೇ ಕೊರೆದು ತೆಗೆಯುವ ಸಣ್ಣ ಚಿಕಿತ್ಸೆಯನ್ನೋ, ಫೈಬರ್ ಲೇಸರನ್ನೋ ಯೋಚಿಸಬಹುದು. ಹೊಲಿಗೆ ನಡುಗೆರೆಯಿಂದ ಪಕ್ಕಕ್ಕೆ ಬರುವಂತೆ ಮಾಡುವ ಲಿಂಬರ್ಗ್, ಕರಿಡಾಕಿಸ್ ಶಸ್ತ್ರಚಿಕಿತ್ಸೆಗಳು ಅದಕ್ಕೂ ಬಗ್ಗದವರಿಗೆ. ನಿಮಗೆ ಹತ್ತಿರದ ಬೌರಿಂಗ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಒಮ್ಮೆ ತೋರಿಸಿ. ಮತ್ತೆ ಊದಿ, ನೋವು, ಜ್ವರ ಬಂದರೆ ಲೇಸರ್‌ಗೆ ಕಾಯಬೇಡಿ. ಮಾತ್ರೆಯೊಂದರಿಂದ ಅದು ಇಳಿಯದು. ಅಂದೇ ಕೀವು ತೆಗೆಸಿ.