ವಕೀಲರು ಪುಕ್ಕಟೆ ಸಿಗುವಾಗ ದೇಣಿಗೆ ಯಾಕೆ?

ಪ್ರಶ್ನೆ: ಗಂಡನ ಹೊಡೆತ ತಾಳಲಾರದೆ ಕೋರ್ಟಿಗೆ ಹೋಗುವ ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದಂತೆ. ಹಾಗಿದ್ದಮೇಲೆ ಮಹಿಳಾ ಸಂಘಟನೆಗಳು ‘ಕಾನೂನು ನೆರವಿಗೆ’ ಎಂದು ದೇಣಿಗೆ ಕೇಳುವುದೇಕೆ? ಸ್ವಲ್ಪ ಹಣ ಕೊಡುವ ಮನಸ್ಸಿದೆ, ಆದರೆ ಅನುಮಾನವೂ ಇದೆ.

ಉತ್ತರ: ನೀವು ಕೇಳಿದ ಸುದ್ದಿ ನಿಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ, ಉಚಿತ ವಕೀಲರನ್ನು ಪಡೆಯಲು ಹೆಣ್ಣಾಗಿದ್ದರೆ ಸಾಕು. ಆದಾಯ ಪ್ರಮಾಣಪತ್ರ ಬೇಡ. ಬ್ಯಾಂಕ್ ಉದ್ಯೋಗಿಗೂ ಕೂಲಿ ಮಾಡುವವಳಿಗೂ ಒಂದೇ ಹಕ್ಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಟ್ಟರೆ ಪ್ಯಾನಲ್ ವಕೀಲರೊಬ್ಬರನ್ನು ನೇಮಿಸುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 15100ಕ್ಕೆ ಕರೆ ಮಾಡಬಹುದು. ವಕೀಲರ ಸಂಭಾವನೆಯನ್ನು ಪ್ರಾಧಿಕಾರವೇ ತನ್ನ ನಿಧಿಯಿಂದ ಕೊಡುತ್ತದೆ, ಕಕ್ಷಿದಾರಳಿಂದ ಅವರು ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.

ಆದರೂ ದೇಣಿಗೆ ಬೇಕಾಗುತ್ತದೆ. ಕೌಟುಂಬಿಕ ಹಿಂಸೆಯ ಕೇಸಿನಲ್ಲಿ ವಕೀಲರ ಫೀಸು ಖರ್ಚಿನ ಒಂದು ಬಾಬತ್ತು ಮಾತ್ರ. ಉಳಿದದ್ದೆಲ್ಲ ಕೋರ್ಟಿನ ಬಾಗಿಲಿಗೆ ಬರುವ ಮೊದಲು, ಮತ್ತು ಆದೇಶ ಕೈಗೆ ಬಂದ ಮೇಲೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕಾಗದದ ಮೇಲೆ ಬಲು ಚುರುಕು. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಡೆಯಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಮ್ಯಾಜಿಸ್ಟ್ರೇಟ್ ಯತ್ನಿಸಬೇಕು. ಪ್ರತಿವಾದಿಗೆ ನೋಟಿಸ್ ತಲುಪಿಸುವ ಹೊಣೆ ಸಂರಕ್ಷಣಾಧಿಕಾರಿಯದು, ಅದಕ್ಕೆ ಅವಧಿ ಎರಡೇ ದಿನ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಅಧಿಕಾರಿ ಯಾರು? ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ನಮ್ಮ ಸಿಡಿಪಿಒ. ಅಂಗನವಾಡಿಗಳ ಮೊಟ್ಟೆ, ಹಾಲು, ಹಾಜರಾತಿಯನ್ನೆಲ್ಲ ನೋಡಿಕೊಂಡು, ಮಿಕ್ಕ ವೇಳೆಯಲ್ಲಿ ನೋಟಿಸು. ಗಂಡ ಊರು ಬಿಟ್ಟು ಬೆಂಗಳೂರು ಸೇರಿದ್ದರಂತೂ ‘ನೋಟಿಸ್ ಜಾರಿಯಾಗಿಲ್ಲ’ ಎಂಬ ಷರಾದೊಂದಿಗೆ ವಾಯಿದೆ ಮುಂದಕ್ಕೆ. ಸಂರಕ್ಷಣಾಧಿಕಾರಿ ಹುದ್ದೆಗೆ ಇನ್ನೂ ಅಧಿಕಾರಿಗಳನ್ನು ಗುರುತಿಸದ ರಾಜ್ಯಗಳು ಆರು ವಾರದೊಳಗೆ ಆ ಕೆಲಸ ಮಾಡಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಉಚಿತ ವಕೀಲರ ಹಕ್ಕನ್ನು ಚೆನ್ನಾಗಿ ಪ್ರಚಾರ ಮಾಡಿ ಎಂದೂ ಅದೇ ಆದೇಶದಲ್ಲಿದೆ. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ!

ಹೀಗೆ ಮುಂದಕ್ಕೆ ಹೋಗುವ ಒಂದೊಂದು ವಾಯಿದೆಗೂ ಹೆಂಗಸಿನ ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಮಗುವನ್ನು ಎಲ್ಲಿ ಬಿಡುವುದೆಂಬ ಚಿಂತೆ, ಕೋರ್ಟಿನ ಜಗಲಿಯಲ್ಲಿ ಎದುರು ನಿಂತ ಗಂಡನ ಕಡೆಯವರು. ಮೂರನೆಯ ವಾಯಿದೆಗೆ ‘ರಾಜಿ ಮಾಡಿಕೊಂಡುಬಿಡ್ತೀನಿ’ ಎನ್ನುವವರು ಕೇಸು ದುರ್ಬಲವೆಂದು ಹಾಗೆನ್ನುವುದಿಲ್ಲ, ಓಡಾಡಿ ಸೋತಿರುತ್ತಾರೆ.

ಇನ್ನು ಅರ್ಜಿಯ ಮಾತು. ಗಂಡನನ್ನು ಕೇಳದೆಯೇ ತಕ್ಷಣ ಮಧ್ಯಂತರ ಆದೇಶ ಕೊಡಲು 23ನೇ ಕಲಂನಲ್ಲಿ ಅವಕಾಶವಿದೆ, ಆದರೆ ಅದು ನಿಂತಿರುವುದು ಅವಳು ಸಲ್ಲಿಸುವ ಪ್ರಮಾಣಪತ್ರದ (ಅಫಿಡವಿಟ್) ಮೇಲೆ. ಯಾವ ತಿಂಗಳು, ಏನಾಯಿತು, ಆಸ್ಪತ್ರೆಗೆ ಹೋದದ್ದೆಲ್ಲಿ, ಸಾಕ್ಷಿ ಯಾರು ಎಂದು ಬಿಡಿಸಿ ಬರೆಯಬೇಕು. ಭಯದಲ್ಲಿರುವವರು ವರ್ಷಗಳ ಕಥೆಯನ್ನು ಕ್ರಮವಾಗಿ ಹೇಳುವುದಿಲ್ಲ. ಕೇಳಿಸಿಕೊಂಡು, ದಾಖಲೆ ಜೋಡಿಸಲು ಎರಡು ಮೂರು ಮಧ್ಯಾಹ್ನಗಳಾದರೂ ಬೇಕು. ಕೇಸಿಗಿಷ್ಟು ಎಂದು ಸಾಧಾರಣ ಸಂಭಾವನೆ ಪಡೆಯುವ ಪ್ಯಾನಲ್ ವಕೀಲರಿಗೆ ಅಷ್ಟು ಪುರುಸೊತ್ತು ಸಿಗುವುದು ಅಪರೂಪ. ಆ ಕೆಲಸ ಮಾಡುವವರು ಸಂಘಟನೆಯ ಕಾರ್ಯಕರ್ತೆಯರೇ. ಸಂರಕ್ಷಣಾಧಿಕಾರಿಯ ವರದಿ ಇಲ್ಲದೆಯೂ ಆದೇಶ ಕೊಡಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಪ್ರಮಾಣಪತ್ರದ ತೂಕ ಹೆಚ್ಚಿದೆ.

ಸಂರಕ್ಷಣಾ ಆದೇಶ ಬಂತೆನ್ನಿ. ಅದನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ ಅಪರಾಧ. ಆದರೆ ರಾತ್ರಿ ಹನ್ನೊಂದಕ್ಕೆ ಅವನು ಬಾಗಿಲು ಬಡಿದಾಗ ಆದೇಶದ ಪ್ರತಿ ಹಿಡಿದು ಠಾಣೆಗೆ ಅವಳ ಜೊತೆ ಹೋಗುವವರು ಬೇಕು. ಜೀವನಾಂಶ ಕಟ್ಟದಿದ್ದರೆ ವಸೂಲಿಗೆ ಮತ್ತೊಂದು ಅರ್ಜಿ, ಮತ್ತೆ ಓಡಾಟ.

ಆದ್ದರಿಂದ ಹಣ ಕೊಡುವ ಮುನ್ನ ಸಂಸ್ಥೆಯನ್ನು ಕೇಳಿ: ವಾಯಿದೆಯ ದಿನ ಜೊತೆಗೆ ಹೋಗುವ ಸಂಬಳದ ಕಾರ್ಯಕರ್ತೆ ಇದ್ದಾರೆಯೇ? ಬಸ್ ಚಾರ್ಜು, ಟೈಪಿಂಗು, ಕೂಲಿ ನಷ್ಟಕ್ಕೆ ಏನಾದರೂ ತೆಗೆದಿಟ್ಟಿದ್ದೀರಾ? ಆದೇಶವಾದ ಮೇಲೆ ಆ ಹೆಂಗಸನ್ನು ಎಷ್ಟು ದಿನ ವಿಚಾರಿಸಿಕೊಳ್ಳುತ್ತೀರಿ? ಅರಿವು ಶಿಬಿರ, ಬ್ಯಾನರು, ಫೋಟೊಗಳನ್ನೇ ಮುಂದೆ ಮಾಡುವವರಾದರೆ ನಾನಂತೂ ಬೇರೆ ಸಂಸ್ಥೆ ನೋಡಿಯೇನು.

ಜಿಲ್ಲಾ ಪ್ರಾಧಿಕಾರದ ನಿಧಿಗೂ ಖಾಸಗಿಯವರು ದೇಣಿಗೆ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ರಾಜ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಆದರೆ ಅದಕ್ಕೆ ಸರ್ಕಾರದ ಅನುದಾನ ಬರುತ್ತದೆ, ಕಾರ್ಯಕರ್ತೆಯ ಸಂಬಳಕ್ಕೆ ಅಂಥ ಖಾತ್ರಿ ಏನಿಲ್ಲ. ದೊಡ್ಡ ಮೊತ್ತವನ್ನು ಒಂದೇ ಸಲ ಕೊಡುವುದಕ್ಕಿಂತ ಎರಡು ಮೂರು ವರ್ಷ ತಿಂಗಳು ತಿಂಗಳು ಕೊಡಿ. ಕೇಸುಗಳು ಅಷ್ಟು ಕಾಲ ಎಳೆಯುತ್ತವೆ.